ವಾಟರ್‌ಗೆ ನೋಟಿಸ್ ಪ್ರಾಸವಾದ ದಿನ

1958ರಲ್ಲಿ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ತುಮಕೂರಿನ ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಒಂದು ಉಚಿತ ಸೀಟಿಗೆ ನಮ್ಮ ಶಾಲೆಯಿಂದ ಶಾರದಮ್ಮನ ಹೆಸರು ಹೋಗಿತ್ತು. ತಂದೆಯಿಲ್ಲದ ಹುಡುಗಿ, ಸೀಟು ತಪ್ಪಿದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಶಿಫಾರಸು ಮಾಡಬೇಕಾದವರು ತಪಾಸಣೆಗೆ ಬಂದ ಇನ್ಸ್‌ಪೆಕ್ಟರು. ನನ್ನ ತರಗತಿಗೇ ಬಂದು ಆಕೆಯನ್ನು ಎಬ್ಬಿಸಿ ನಿಲ್ಲಿಸಿದರು.

“ಇಂಗ್ಲಿಷ್ ಪದ್ಯ ಚೆನ್ನಾಗಿ ಓದ್ತೀಯಂತಲ್ಲಮ್ಮ. ವಾಟರ್‌ಗೆ ಒಂದು ಪ್ರಾಸಪದ ಹೇಳು ನೋಡೋಣ.”

“ನೋಟಿಸ್, ಸಾರ್.”

ಅವರು ಮೇಜು ತಟ್ಟಿ ನಕ್ಕರು. “ಏನ್ ಮೇಷ್ಟ್ರೇ, ಇದು ಗುಬ್ಬಿ ಇಂಗ್ಲಿಷೋ?”

ರೈಮ್ ಪಾಠ ಇನ್ನೂ ಆಗಿಲ್ಲವೆಂದು ತಿಳಿಸಲು ನಾನು ಎದ್ದೆ. “ನೀವು ಕೂತ್ಕೊಳ್ರೀ” ಎಂದರು, ನನ್ನ ವಿದ್ಯಾರ್ಥಿಗಳ ಎದುರಿಗೇ. ಆ ‘ರೀ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ಪ್ರಾಸ ಎಂಬ ಮಾತನ್ನು ಬಳಸಿದವರು ಅವರೇ ತಾನೆ? ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಹಿಂದಿನ ಅಕ್ಷರ ಒಂದರಲ್ಲಿ ದೀರ್ಘವಾದರೆ ಎಲ್ಲದರಲ್ಲೂ ದೀರ್ಘ. ವಾಟರ್, ನೋಟಿಸ್: ಹುಡುಗಿ ಎರಡನ್ನೂ ಪಾಲಿಸಿದ್ದಳು.

ಶಾರದಮ್ಮ ಕೂರಲಿಲ್ಲ. “ನಮ್ಮ ಪಂಡಿತರು ಹೇಳಿಕೊಟ್ಟ ಪ್ರಾಸ ಎರಡನೇ ಅಕ್ಷರದಲ್ಲಿ ಬರುತ್ತೆ ಸಾರ್. ಇಂಗ್ಲಿಷ್‌ನಲ್ಲಿ ಎಲ್ಲಿ ಬರುತ್ತೆ ಹೇಳಿ, ಅಲ್ಲೇ ಹುಡುಕ್ತೀನಿ.”

“ಕೊನೇಲಿ ಕಣಮ್ಮ. ನೈಟ್, ಲೈಟ್, ಹಾಗೆ. ಎಲ್ಲಿ, ಡೇ ಅನ್ನೋದಕ್ಕೆ ಹೇಳು.”

ಆಕೆ ಕಣ್ಣು ಮುಚ್ಚಿದಳು. ಬೆರಳ ಗೆಣ್ಣುಗಳ ಮೇಲೆ ಇಂಗ್ಲಿಷ್ ವರ್ಣಮಾಲೆಯನ್ನು ಸರಿಸುತ್ತ, ಒಂದೊಂದು ಅಕ್ಷರವನ್ನೂ ‘ಏ’ ಎಂಬ ಸ್ವರದ ಮುಂದೆ ಹಚ್ಚಿ, ತುಟಿಯಲ್ಲೇ ಪರೀಕ್ಷಿಸಿ ಹೇಳತೊಡಗಿದಳು: “ಬೇ, ಗೇ, ಹೇ, ಲೇ, ಮೇ, ಪೇ, ರೇ, ಸೇ, ವೇ. ಕೇ ಅಂತ ಪದ ಇದೆಯೋ ಇಲ್ವೋ ಗೊತ್ತಿಲ್ಲ ಸಾರ್, ಅದಕ್ಕೇ ಬಿಟ್ಟೆ.”

ಇನ್ಸ್‌ಪೆಕ್ಟರು ಒಂದೊಂದರ ಅರ್ಥ ಕೇಳಿದರು. ಎಲ್ಲಕ್ಕೂ ಉತ್ತರ ಬಂತು. ಶಿಫಾರಸಿಗೆ ಸಹಿ ಹಾಕಿದರು. ಕ್ಷಮಿಸಿ ಎಂಬ ಒಂದು ಮಾತು ಆಕೆಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಹತ್ತು ವರ್ಷದ ಬಳಿಕ ಕುಣಿಗಲ್‌ಗೆ ಹೋದಾಗ ಆಕೆ ಅಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದೆ. ಟ್ರೀ ಎಂಬುದಕ್ಕೆ ಪ್ರಾಸ ಕೇಳಿದರೆ ಒಬ್ಬಳು ಟ್ರೇನ್ ಎಂದಳು. ಉಳಿದವರು ನಕ್ಕರು.

“ನಗೋದು ಆಮೇಲೆ ಇರ್ಲಿ ಕಣ್ರೇ” ಎಂದಳು ಶಾರದಮ್ಮ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, “ಯಾವ ಲೆಕ್ಕದಲ್ಲಿ ಕೂಡಿಸ್ದೆ, ಹೇಳಮ್ಮ” ಎಂದಳು.

ಉತ್ತರ ತಪ್ಪೆನ್ನುವ ಮೊದಲು ಅದು ಯಾವ ನಿಯಮ ಪಾಲಿಸಿತೆಂದು ಕೇಳಬೇಕು. ಇನ್ಸ್‌ಪೆಕ್ಟರು ಗುಬ್ಬಿಯಲ್ಲಿ ಕೇಳದೆ ಹೋದ ಆ ಪ್ರಶ್ನೆಯನ್ನು ಆಕೆ ಕುಣಿಗಲ್ಲಿನಲ್ಲಿ ದಿನವೂ ಕೇಳುತ್ತಿದ್ದಳು.