ಆರ್ವಿಲ್ ತಾತನ ಪ್ರಿಂಟರು
ಡುಲೂತ್ ಊರಿನ ಆ ಮನೆಯ ಮಹಡಿಗೆ ಲಿಯೋನಾ ಬಾಡಿಗೆಗೆ ಬಂದ ದಿನವೇ ಮನೆಯೊಡೆಯ ಆರ್ವಿಲ್ ತಾತ ಕೇಳಿದ್ದು, “ನಿನ್ನ ಫೋನು ಯಾವ ವೈಫೈ ರೌಟರಿಗೆ ಸೇರಿದೆಯಮ್ಮ?” ಮನೆಯಲ್ಲಿ ರೌಟರುಗಳು ಎರಡು, ಮೇಲೊಂದು ಕೆಳಗೊಂದು; ಅವರ ಪ್ರಿಂಟರು ಕೆಳಗಿನದಕ್ಕೆ ಮಾತ್ರ ಸೇರಿದ್ದರಿಂದ, ಒಂದು ಹಾಳೆ ಬೇಕೆಂದರೂ ಅವಳು ಲ್ಯಾಪ್‌ಟಾಪ್ ಹೊತ್ತು ಅವರ ಅಡುಗೆಮನೆಗೆ ಇಳಿಯಬೇಕಿತ್ತು. ಪ್ರಿಂಟರಿನ ಶಾಯಿ ಕಮ್ಮಿಯಾದರೆ ಅವರು ಅಂಚೆಯವನನ್ನೂ ಅನುಮಾನಿಸುವರು. “ಎರಡನ್ನೂ ಒಂದೇ ಜಾಲ ಮಾಡ್ಲಾ? ಐದು ನಿಮಿಷದ ಕೆಲಸ,” ಎಂದಳೊಮ್ಮೆ. “ನಂಗೇನು ಬರಲ್ವಾ? ಮೂವತ್ತು ವರ್ಷ ಟೆಲಿಫೋನ್ ತಂತಿ ಎಳೆದೋನು ನಾನು. ಆಮೇಲೆ ಕದ್ದು ಪ್ರಿಂಟ್ ತೆಗೆಯೋರು ಯಾರು ಅಂತ ಹೇಗೆ ಗೊತ್ತಾಗುತ್ತೆ?” ಎಂದು ಗದರಿದವರ ಮುಂದೆ, ಇಬ್ಬರಿಗೆಂದು ಬಗ್ಗಿಸಿಟ್ಟ ಕಾಫಿ ಆಗಲೇ ಆರುತ್ತಿತ್ತು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಈಗ ಅವಳ ಕೋಣೆಯಲ್ಲೇ ಸ್ವಂತ ಪ್ರಿಂಟರಿದೆ. ಆದರೂ ಪ್ರತಿ ಶನಿವಾರ ತಪ್ಪದೆ ಲ್ಯಾಪ್‌ಟಾಪ್ ಹೊತ್ತು ಕೆಳಗಿಳಿಯುತ್ತಾಳೆ. “ಮೇಲೆ ಗುರ್ ಅನ್ನೋದು ಪ್ರಿಂಟರಲ್ಲ ತಾನೇ?” ಎಂದು ಅವರು ಕಣ್ಣು ಕಿರಿದಾಗಿಸಿದರೆ, “ಹೊಲಿಗೆ ಯಂತ್ರ, ತಾತ,” ಎನ್ನುತ್ತಾಳೆ. ಅವರು ನಂಬುವುದಿಲ್ಲ, ಮೇಲೆ ಹತ್ತಿ ನೋಡುವುದೂ ಇಲ್ಲ.