ಮಕ್ಕಳು ನೋಡುವಂಥದ್ದಲ್ಲ

ಟಿವಿಯ ಮೂಲೆಯಲ್ಲಿ, ನೋಡುವವರ ವಯಸ್ಸು ಹೇಳುವ ಹದಿನಾರು ಎಂಬ ಅಂಕಿ ಮೂಡಿ ಮರೆಯಾಯಿತು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಯಾದಗಿರಿಯ ನಮ್ಮ ಮನೆಯಲ್ಲಿ ಉಳಿದಿರುವ ಅಪ್ಪನಿಗೆ ಗೋಡೆಯ ಗಡಿಯಾರ ಕಾಣುವುದಿಲ್ಲ, ಈ ಅಂಕಿ ಮಾತ್ರ ಕಂಡಿತು ನೋಡಿ. ನನ್ನ ಇಬ್ಬರು ಗಂಡುಮಕ್ಕಳು ಹಚ್ಚಿಕೊಂಡು ಕೂತದ್ದು ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕತ್ತಿ ಹಿರಿಯುವ ಧಾರಾವಾಹಿ. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ.

"ಬಂದ್ ಮಾಡ್ರಿ ಅದನ್ನ. ಅಣ್ಣತಮ್ಮರು ಹೊಡದಾಡೋದು ಹುಡುಗೂರು ನೋಡೋದಲ್ಲ."

ಮೆಂತೆಸೊಪ್ಪು ಸೋಸುತ್ತಿದ್ದ ನನಗೆ ನಗು ಬಂತು. ಒಳ್ಳೆಯ ನಗುವಲ್ಲ ಅದು.

ಮಕ್ಕಳು ಏನು ನೋಡಬೇಕು ಎಂಬ ಪ್ರಶ್ನೆ ನನಗೂ ಹೊಸದಲ್ಲ ಅನ್ನಿ. ಶಾಲೆಯ ತಾಯಂದಿರ ಗುಂಪಿನಲ್ಲಿ ವಾರಗಟ್ಟಲೆ ಇದೇ ಚರ್ಚೆ ನಡೆದಿತ್ತು. ರಕ್ತ ಜಾಸ್ತಿ ಎಂದು ಒಬ್ಬರು, ಬೈಗುಳ ಜಾಸ್ತಿ ಎಂದು ಇನ್ನೊಬ್ಬರು. ನಾನೂ ಮಹಾ ಪಂಡಿತೆಯ ಹಾಗೆ ಮೊಬೈಲಿನಲ್ಲಿ ಉದ್ದುದ್ದ ಉಪದೇಶ ಬರೆದೆ. ನನ್ನ ಮಕ್ಕಳೇ ನನ್ನ ಮಾತು ಕೇಳುವುದಿಲ್ಲ, ಅದು ಬೇರೆ ಮಾತು. ಆದರೆ ಈ ಉಪದೇಶ ಅಪ್ಪನ ಬಾಯಲ್ಲಿ ಬರಬಾರದಿತ್ತು.

ಸುರಪುರಕ್ಕೆ ಹತ್ತಿದ ರಂಗಂಪೇಟೆಯಲ್ಲಿ ನನ್ನ ತವರುಮನೆ; ನಾನು ಸಣ್ಣವಳಿದ್ದಾಗಿನ ಮಾತು. ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಪಾಲಾಗಿ ಅಂಗಳದ ನಡುವೆ ಗೋಡೆ ಎಬ್ಬಿಸುತ್ತಿದ್ದರು. ಗೋಡೆ ಒಂದು ಮೊಳ ನಮ್ಮ ಕಡೆ ಸರಿದಿದೆ ಎಂದು ಅಪ್ಪನ ತಕರಾರು. ಅಳೆದು ನೋಡೋಣ ಎಂದು ಕಾಕಾ ಹಗ್ಗ ತರಲು ಹೊರಳಿದ. ಅಪ್ಪ ಸಲಿಕೆ ಎತ್ತಿ ಹಿಂದಿನಿಂದ ಅವನ ತಲೆಗೆ ಹೊಡೆದ. ಹಸಿ ಗೋಡೆಯ ಮೇಲೆಲ್ಲ ರಕ್ತ. ನಾನು ಮತ್ತು ಕಾಕಾನ ಮಗಳು ಅಲ್ಲೇ ಕುಂಟಾಟ ಆಡುತ್ತಿದ್ದೆವು. ಹುಡುಗಿಯರು ನೋಡಬಾರದು, ಒಳಗೆ ಕಳಿಸಿ ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ವಯಸ್ಸನ್ನು ಅಂದು ಯಾರು ಕೇಳಿದರು, ನೀವೇ ಹೇಳಿ.

ದವಾಖಾನೆಯಲ್ಲಿ ಕಾಕಾ ತಾನೇ ಮಾಳಿಗೆಯಿಂದ ಬಿದ್ದೆ ಎಂದು ಹೇಳಿದನಂತೆ. ಅಪ್ಪ ಜೈಲಿಗೆ ಹೋಗಲಿಲ್ಲ.

ಆಮೇಲೆ ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡಲು ಸಣ್ಣವರೇ ದೊಡ್ಡವರ ಮನೆಗೆ ಹೋಗಬೇಕು. ಎಂಥ ಹಗೆಯಿದ್ದರೂ ಕೊಟ್ಟ ಬನ್ನಿಯನ್ನು ಬೇಡ ಎನ್ನುವವರಿಲ್ಲ. ಬಂಗಾರದಂಗ ಇರೋಣು ಎಂದು ಅಪ್ಪಿಕೊಂಡರೆ ಹಿಂದಿನದೆಲ್ಲ ಮುಗಿಯಿತು. ಕಾಕಾ ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಮುಖ ತಿರುಗಿಸಿದ, ಕೈ ಚಾಚಲಿಲ್ಲ. ಕಾಕಾ ಎಲೆಗಳನ್ನು ನನ್ನ ಕೈಯಲ್ಲಿಟ್ಟು ಹೋದ.

ತಿರುಗಿ ಕೊಟ್ಟು ಬಾ ಎಂದ ಅಪ್ಪ. ಊರಲ್ಲಿ ಬನ್ನಿ ತಿರುಗಿ ಕೊಟ್ಟವರ ಸುದ್ದಿಯನ್ನೇ ನಾನು ಕೇಳಿರಲಿಲ್ಲ. ಅಂಜುತ್ತಲೇ ಹೋದೆ. ಕಾಕಾ ಎಲೆಗಳನ್ನು ಇಸಿದುಕೊಂಡು, ಸಿಟ್ಟಾಗದೆ ಕೇಳಿದ್ದು ಒಂದೇ ಮಾತು: "ಅಣ್ಣ ಉಂಡಾನೇನವ್ವ?"

ಆ ವರ್ಷವೇ ಅವರು ಪಾಲಿನ ಮನೆ ಬಿಟ್ಟು ಶಹಾಪುರಕ್ಕೆ ಹೋದರು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂಡುತ್ತಿದ್ದ ಕಾಕಾನ ಮಗಳೂ ಹೋದಳು. ಅವಳ ಮದುವೆಗೆ ನಾನು ಹೋಗಲಿಲ್ಲ, ನನ್ನ ಮದುವೆಗೆ ಅವಳನ್ನು ಕರೆಯಲಿಲ್ಲ. ಕಾಕಾನ ಹೆಸರೆತ್ತಿದರೆ ಅಪ್ಪ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಹಾಗಾಗಿ ನಮ್ಮಲ್ಲಿ ಆ ಹೆಸರೇ ಇಲ್ಲದಂತಾಯಿತು. ನನ್ನ ಮಕ್ಕಳಿಗೆ ಅಂಥ ಒಬ್ಬ ಮನುಷ್ಯ ಇದ್ದಾನೆಂಬುದೇ ಗೊತ್ತಿಲ್ಲ. ಅವರೂ ಅಣ್ಣತಮ್ಮಂದಿರೇ. ಒಂದು ಚಾರ್ಜರಿಗಾಗಿ ಅವರು ಕೊರಳಪಟ್ಟಿ ಹಿಡಿದಾಗಲೆಲ್ಲ ನನಗೆ ಆ ಹಸಿ ಗೋಡೆ ಕಾಣುತ್ತದೆ.

ಟಿವಿ ನಡೆದೇ ಇತ್ತು. ದೊಡ್ಡವನು ಪರದೆಯಿಂದ ಕಣ್ಣು ತೆಗೆಯದೆ, ಸುಮ್ಮನೆ ಬಾಯಿಗೆ ಬಂತೆಂದು ಕೇಳಿದ:

"ಮುತ್ಯಾ, ನಿನಗ ಯಾರರ ತಮ್ಮರು ಅದಾರೇನು?"

"ಇಲ್ಲ," ಎಂದ ಅಪ್ಪ.

ಎಷ್ಟು ಸಲೀಸಾಗಿ ಅಂದುಬಿಟ್ಟ! ಕೈಯಲ್ಲಿದ್ದ ಸೊಪ್ಪನ್ನು ಬದಿಗಿಟ್ಟೆ. ಎದ್ದು ಹೋಗಿ ಟಿವಿ ಆರಿಸಿದೆ. ಹುಡುಗರು ಹೋ ಎಂದರು. ತನ್ನ ಮಾತು ನಡೆಯಿತೆಂದು ಅಪ್ಪ ತಲೆದೂಗಿದ.

"ಒಬ್ಬಾಂವ ತಮ್ಮ ಅದಾನ," ಎಂದೆ ಮಕ್ಕಳಿಗೆ. "ಶಹಾಪುರದಾಗ ಅದಾನ. ಅವನ ತಲಿಗಿ ಹೊಲಿಗಿ ಯಾಕ ಬಿದ್ದಾವ ಅಂತ ಮುತ್ಯಾನ್ನ ಕೇಳ್ರಿ."

ಇಬ್ಬರೂ ಅಪ್ಪನ ಕಡೆ ಹೊರಳಿದರು. ಅಪ್ಪ ಎದ್ದು ಹೋಗಲು ಗೋಡೆ ತಡವಿದ. ಕಣ್ಣು ಸರಿಯಾಗಿ ಕಾಣದ ಮುದುಕನಿಗೆ ಆಸರೆಯಾಗಲು ಹುಡುಗರು ಆಚೆಗೊಬ್ಬ ಈಚೆಗೊಬ್ಬ ರಟ್ಟೆ ಹಿಡಿದರು, ಮತ್ತೆ ಕುರ್ಚಿಯಲ್ಲಿ ಕೂಡಿಸಿದರು, ಎದುರಿಗೇ ನೆಲದ ಮೇಲೆ ಕೂತರು.

"ಹೇಳು ಮುತ್ಯಾ," ಎಂದ ಸಣ್ಣವನು.