ಗಾಬ್ನಿಟ್ ದೊಡ್ಡಮ್ಮನ ಪಾಲಿನ ಮಣ್ಣು

ನನ್ನ ದೊಡ್ಡಮ್ಮ ಗಾಬ್ನಿಟ್ ಒಮ್ಮೆ ಸಾಯಲು ಹೊರಟು, ಸಾಯದೆ ಎದ್ದು ಕೂತವಳು. ಜ್ವರಕ್ಕೆ ನಾಲಿಗೆ ಬಿದ್ದುಹೋಗಿತ್ತು. ಡೊನೊ ಗುರುಗಳು ಬೆಟ್ಟದಾಚೆಯಿಂದ ಬಂದು ಹಣೆಗೆ ಕೊನೆಗಾಲದ ಎಣ್ಣೆ ಹಚ್ಚಿದರು, ನಮ್ಮ ಹಿತ್ತಲಿನ ಒಂದು ಹಿಡಿ ಮಣ್ಣು ತರಿಸಿ ಪ್ರಾರ್ಥನೆ ಹೇಳಿ ಹರಸಿ ಕೊಟ್ಟರು. ಹೂಳುವ ಜಾಗವೆಲ್ಲ ನಮ್ಮನ್ನಾಳುವ ದೊರೆಯ ಚರ್ಚಿನದು. ಅಲ್ಲಿ ನಮ್ಮ ಹಳೆಯ ಧರ್ಮದ ಗುರುಗಳು ಬಾಯಿ ಬಿಡುವಂತಿಲ್ಲ. ಹಾಗಾಗಿ ಮನೆಯಲ್ಲೇ ಮಣ್ಣು ಹರಸಿ, ಹೆಣದ ಎದೆಯ ಮೇಲೆ ಹಾಕಿ ಕಳಿಸುವುದು ನಮ್ಮ ರೂಢಿ. ದೊಡ್ಡಮ್ಮ ಮಾತ್ರ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು.

ಹರಸಿದ ಮಣ್ಣನ್ನು ಚೆಲ್ಲುವಂತಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಪಕ್ಕದ ಗೂಡಿನಲ್ಲಿ, ಉಪ್ಪಿನ ಮಡಕೆಯ ಹತ್ತಿರ ಇಟ್ಟುಕೊಂಡಳು. ಪಕ್ಕದ ಮನೆಯ ನೇಕಾರ ಮೆಲಾಕಿ ಬಂದಾಗಲೆಲ್ಲ ಕೆಣಕುತ್ತಿದ್ದ.

"ಏನ್ ಗಾಬ್ನಿಟಮ್ಮ, ಮಣ್ಣು ಸಿದ್ಧವಾಗಿ ಕೂತಿದೆ, ನೀನ್ ಯಾವಾಗ ಹೊರಡೋದು?"

"ನನ್ನ ಹೆಣದ ಬಟ್ಟೆ ನೀನೇ ನೇಯಬೇಕಲ್ಲಪ್ಪ. ನೀನು ನೇಯೋ ಚಂದಕ್ಕೆ ಇನ್ನೂ ನೂರು ವರ್ಷ ಆಯ್ತದೆ."

ಅವಳ ಆಯಸ್ಸೆಲ್ಲ ರೋನೇನ್ ಬಂಗಲೆಯ ಬಟ್ಟೆ ಒಗೆಯುವುದರಲ್ಲೇ ಸವೆಯಿತು. ಅದಕ್ಕೂ ಮೊದಲು ಆ ಮನೆಯ ಹಿರಿಯ ಮಗ ಗ್ಯಾರೆಟ್‌ಗೆ ಎದೆಹಾಲು ಕೊಟ್ಟವಳು. ದೊಡ್ಡ ಮನೆಯವರು ಹುಟ್ಟಿದ ಕೂಸನ್ನು ಗುಡಿಸಲಿಗೆ ಕಳಿಸುತ್ತಾರೆ, ನಡೆಯಲು ಮಾತಾಡಲು ಕಲಿತ ಮೇಲೆ ವಾಪಸ್ ಕರೆಸಿಕೊಳ್ಳುತ್ತಾರೆ. ದೊಡ್ಡಮ್ಮನ ಸ್ವಂತ ಕೂಸು ಉಳಿಯಲಿಲ್ಲ, ಇವನು ಉಳಿದ. ಅವನ ಮೊದಲ ಮಾತು ನಮ್ಮ ಐರಿಷ್ ಮಾತು, ಮೊದಲ ಪ್ರಾರ್ಥನೆ ಅವಳು ಕಲಿಸಿದ್ದು.

ಅಲ್ಲಿಯವರೆಗೆ ಆ ಮನೆಯವರೂ ನಮ್ಮ ಧರ್ಮದವರೇ. ತನ್ನ ಅಪ್ಪ ಸಾಯುವ ಹೊತ್ತಿಗೆ ಗ್ಯಾರೆಟ್ ದೊರೆಯ ಚರ್ಚಿಗೆ ಸೇರಿಬಿಟ್ಟ. ಸೇರದಿದ್ದರೆ, ನಮ್ಮ ಧರ್ಮದವರಿಗೆಂದೇ ಮಾಡಿದ ಕಾನೂನು ಜಮೀನನ್ನು ತಮ್ಮನಿಗೂ ಪಾಲು ಮಾಡುತ್ತಿತ್ತು, ಮುಂದೆ ಅವನ ಮಕ್ಕಳ ಕಾಲಕ್ಕೆ ಮತ್ತೆ ಚೂರಾಗುತ್ತಿತ್ತು. ಸೇರಿದ್ದಕ್ಕೆ ಎಲ್ಲವೂ ಅವನದೇ ಆಯಿತು. ತಮ್ಮ ಸ್ಪೇನಿನ ಸೈನ್ಯಕ್ಕೆ ಹೋದವನು ಮತ್ತೆ ಮುಖ ತೋರಿಸಲಿಲ್ಲ. ಊರಿನವರೆಲ್ಲ ಬಾಯಿಗೆ ಬಂದಂತೆ ಬೈದೆವು. ಒಂದಂಗುಲ ನೆಲವಿಲ್ಲದ ನಮಗೆ ಧರ್ಮ ಉಳಿಸಿಕೊಳ್ಳುವುದು ಏನು ಮಹಾ ಕಷ್ಟ? ದೊಡ್ಡಮ್ಮ ಬೈಯಲಿಲ್ಲ.

"ಅವನ ಅಂಗಿ ಒಗಿಯೋಳು ನಾನು. ಕತ್ತಿನ ಪಟ್ಟಿ ಬೆವರಿಗೆ ರಟ್ಟಾಗಿರುತ್ತೆ. ನೆಮ್ಮದಿಯಾಗಿರೋನು ಹಂಗೆ ಬೆವರಲ್ಲ" ಎಂದಳು.

ಅವನಿಗೂ ಕೊನೆಗಾಲ ಬಂತು. ಹೆಂಡತಿ ಡಬ್ಲಿನ್ನಿನವಳು, ಹುಟ್ಟಿನಿಂದಲೇ ದೊರೆಯ ಚರ್ಚಿನವಳು. ಅವಳೂ ಅವರ ಪಾದ್ರಿಯೂ ಹಾಸಿಗೆ ಬಿಟ್ಟು ಕದಲಲಿಲ್ಲ. ದೊಡ್ಡಮ್ಮ ಹೊದಿಕೆ ಬದಲಿಸಲು ಹೋದಾಗ ಅವನು, ಅವರಿಬ್ಬರಿಗೂ ತಿಳಿಯದ ನಮ್ಮ ಮಾತಿನಲ್ಲಿ, "ಅಮ್ಮ, ನನ್ನನ್ನ ಹಂಗೇ ಕಳಿಸ್ಬೇಡ. ನಂಗೂ ಒಂದು ಹಿಡಿ ಮಣ್ಣು ಹಾಕು" ಅಂದನಂತೆ.

ಅವಳು ನನ್ನನ್ನೂ ಕರೆದುಕೊಂಡು ಬೆಟ್ಟ ಹತ್ತಿದಳು. ಗುರುಗಳು ಊದಿದ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕೂತಿದ್ದರು.

"ಗಾಬ್ನಿಟ್, ನಮ್ಮನ್ನ ಬಿಟ್ಟೆ ಅಂತ ಅವನು ತುಂಬಿದ ಚರ್ಚಲ್ಲಿ ಹೇಳಿದ. ವಾಪಸ್ ಬಂದೆ ಅಂತ ನನ್ನೊಬ್ಬನ ಎದುರಿಗಾದ್ರೂ ಹೇಳ್ಬೇಕು. ಕರೆಸಲಿ, ಕುಂಟ್ಕೊಂಡಾದ್ರೂ ಬರ್ತೀನಿ."

"ಕರೆಸಿದ್ದು ಗೊತ್ತಾದ್ರೆ ಅವನ ಮಗನ ಆಸ್ತಿ ಹೋಗುತ್ತೆ, ಸ್ವಾಮಿ."

"ಹೋಗುತ್ತೆ."

"ಕರೆಸದೇ ಇದ್ರೆ?"

ಗುರುಗಳು ಕಾಲನ್ನು ನೀರಿನಿಂದ ತೆಗೆದು ಒರೆಸಿಕೊಳ್ಳತೊಡಗಿದರು. ಕೆಟ್ಟವರಲ್ಲ, ಅವರಿಗೂ ಈ ಕಾನೂನುಗಳ ನಡುವೆ ಬದುಕಿ ಸಾಕಾಗಿತ್ತು. ನಾವು ಬೆಟ್ಟ ಇಳಿಯುವಷ್ಟರಲ್ಲಿ ಗ್ಯಾರೆಟ್ ಹೋಗಿಬಿಟ್ಟಿದ್ದ.

ಆ ಮನೆಯ ಹೆಣಗಳನ್ನು ತೊಳೆಯುವವಳು ಯಾವಾಗಲೂ ದೊಡ್ಡಮ್ಮನೇ. ಕರೆ ಬಂದಾಗ ಸೀದಾ ಗೂಡಿಗೆ ಕೈಹಾಕಿ ಗಂಟು ತೆಗೆದಳು. ನಾನು ಶಾಲು ಹಿಡಿದು ಎಳೆದೆ.

"ದೊಡ್ಡಮ್ಮ, ಅದು ನಿಂದು. ನೀನು ಹೋಗುವಾಗ ಏನ್ ಮಾಡ್ತೀಯ?"

"ನಾನೀಗ ಎಲ್ಲಿಗೂ ಹೋಗ್ತಿಲ್ವಲ್ಲ. ಶಾಲು ಬಿಡೇ."

ನಾನು ಬಿಸಿನೀರು ಹೊತ್ತು ಹಿಂದೆ ಹೋದೆ. ಒಲೆಯ ಕಾವು ಕುಡಿದಿದ್ದ ಗಂಟು ಅವಳ ಮುಷ್ಟಿಯಲ್ಲಿತ್ತು. ತೊಳೆದು, ಒರೆಸಿ, ಅಂಗಿ ತೊಡಿಸುವಾಗ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು.

"ಕೈಯಲ್ಲೇನದು?"

"ಒರೆಸೋ ಬಟ್ಟೆ, ಅಮ್ಮಾವ್ರೇ."

ಅಂಗಿಯೊಳಗೆ ಕೈ ಹಾಕಿ, ಎದೆಯ ಮೇಲೆ ಮಣ್ಣು ಸುರಿದು, ಗುಂಡಿ ಹಾಕಿದಳು. ಮರುದಿನ ಅವರ ಪಾದ್ರಿ ಅವರ ಪುಸ್ತಕ ಓದಿ ಚರ್ಚಿನ ನೆಲದಡಿ ಇಳಿಸಿದರು. ನಾವು ಗೋಡೆಯಾಚೆ ನಿಂತಿದ್ದೆವು.

ನನಗೆ ಸಿಟ್ಟು ಇಳಿಯಲಿಲ್ಲ. ಜೀವನವಿಡೀ ಅವರ ಕೊಳೆ ಒಗೆದವಳು ಕೊನೆಗೆ ತನ್ನ ಪಾಲಿನ ಮಣ್ಣನ್ನೂ ಅವರಿಗೇ ಕೊಟ್ಟಳಲ್ಲ! ಇನ್ನೊಂದು ಹಿಡಿ ಹರಸಿಕೊಡಿ ಎಂದು ಗುರುಗಳನ್ನು ಕೇಳು ಎಂದೆ.

"ಮೊದ್ಲಿಂದು ಎಲ್ಲಿ ಅಂತಾರೆ. ಏನ್ ಹೇಳ್ಲಿ? ನಿಜ ಹೇಳಿ ಅದು ಊರಿಗೆ ಹಬ್ಬಿದ್ರೆ, ಅವನು ನಮ್ಮೋನಾಗೇ ಸತ್ತ ಅಂತ ಯಾರೋ ದೂರು ಕೊಡ್ತಾರೆ. ಆಮೇಲೆ ಅವನ ಮಗ ಬೀದಿಗೆ. ನಂಗೆ ಬರೇ ನೆಲ ಸಾಕು" ಎಂದಳು. ಸಾಕು ಎಂದವಳು ಉಪ್ಪು ತೆಗೆಯುವಾಗಲೆಲ್ಲ ಆ ಖಾಲಿ ಜಾಗವನ್ನು ತಡವುತ್ತಿದ್ದಳು.

ಎರಡನೆಯ ಸಲ ಜ್ವರ ಬಂದಾಗ ಅವಳು ಏಳಲಿಲ್ಲ. ನೆಲ ಹಿಮಗಟ್ಟಿದ್ದ ಕಾಲ. ಗುರುಗಳು ಯಾರದೋ ಕತ್ತೆಯ ಮೇಲೆ ಬಂದು, ಎಣ್ಣೆ ಹಚ್ಚಿ, ಗೂಡಿನತ್ತ ನೋಡಿದರು.

"ಮಣ್ಣೆಲ್ಲಿ? ನಾನೇ ಕೊಟ್ಟಿದ್ದೆನಲ್ಲ."

"ಬೆಕ್ಕು ಚೆಲ್ತು, ಸ್ವಾಮಿ" ಎಂದೆ ನಾನು.

"ನಿಮ್ಮನೇಲಿ ಬೆಕ್ಕೆಲ್ಲಿದೆ?"

"ಅದೂ ಸತ್ತೋಯ್ತು."

ಗುರುಗಳು ಒಲೆ ಕೆದಕುವ ಕಬ್ಬಿಣ ತೆಗೆದುಕೊಂಡು ತಾವೇ ಹಿತ್ತಲಿಗೆ ಹೋದರು. ಬಹಳ ಹೊತ್ತು ಕುಟ್ಟುವ ಸದ್ದು ಕೇಳಿತು. ಉಗುರು ಕಿತ್ತುಕೊಂಡು, ಒಂದು ಹಿಡಿ ಮಣ್ಣು ತಂದು, ಪ್ರಾರ್ಥನೆ ಹೇಳಿ, ಅವಳ ಅಂಗೈಗೆ ಹಾಕಿದರು. ದೊಡ್ಡಮ್ಮ ಬೆರಳು ಮಡಚಿದಳು. ಆಗಲೇ ಅವಳಿಗೆ ಯಾರ ಮುಂದೆ ಮಾತಾಡುತ್ತಿದ್ದೇನೆಂಬ ಪರಿವೆ ಇರಲಿಲ್ಲ.

"ತಣ್ಣಗಿದೆ ಕಣೇ" ಎಂದಳು. "ಅವನಿಗೆ ಹಾಕಿದ್ದು ಬೆಚ್ಚಗಿತ್ತು."

ಯಾರಿಗೆ ಎಂದು ಗುರುಗಳು ಕೇಳಲಿಲ್ಲ. ಅವಳ ಬೆರಳು ಬಿಡಿಸಿ ಮಣ್ಣನ್ನು ವಾಪಸ್ ತೆಗೆದುಕೊಂಡರು, ಒಲೆಯ ಮುಂದೆ ಹೋಗಿ ಕೂತರು, ಅದು ಬೆಚ್ಚಗಾಗುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.